ಹಿಂದಿನ ಕೋಣೆಗೆ ಎಳೆದ ತಂತಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡು ಪಾಲಾಗಿತ್ತು. ಎಷ್ಟೋ ವರ್ಷದ ಹಿಂದೆ ಟೆಲಿಫೋನ್ ಕಂಬದ ಮೇಲೆ ಆದ ಗಾಯವಂತೆ. ಉಗುರು ಮತ್ತೆ ಬೆಳೆದರೂ ಕೂಡಿಕೊಳ್ಳಲಿಲ್ಲ. ಬೇರೆಯವರಾಗಿದ್ದರೆ ಅದನ್ನು ಮುಚ್ಚಿಕೊಂಡು ಓಡಾಡುತ್ತಿದ್ದರೇನೋ. ಇವರು ಅದನ್ನೇ ಒಂದು ಹತಾರ ಮಾಡಿಕೊಂಡಿದ್ದರು. ತಂತಿಯ ಹೊರಸಿಪ್ಪೆ ಸುಲಿದ ಮೇಲೆ ಒಳಗಿನ ಎಂಟು ಸಣ್ಣ ಎಳೆಗಳನ್ನು ಒಂದೊಂದಾಗಿ ಆ ಸೀಳಿನಲ್ಲಿ ಸಿಕ್ಕಿಸಿ ಎಳೆಯುತ್ತಿದ್ದರು. ಒಂದಕ್ಕೊಂದು ಹೊಸೆದುಕೊಂಡಿದ್ದ ಎಳೆಗಳು ನೆಟ್ಟಗಾಗುತ್ತಿದ್ದವು. ಇದಕ್ಕೆಂದೇ ಅಂಗಡಿಯಲ್ಲಿ ಉಪಕರಣ ಸಿಗುತ್ತದಲ್ಲ ಎಂದು ನಾನೊಮ್ಮೆ ಕೇಳಿದೆ. ಸಿಗುತ್ತದೆ, ಆದರೆ ಅದನ್ನು ಮನೆಯಲ್ಲಿ ಮರೆತು ಬರಬಹುದು ಅಂದರು.

ನಾವು ಅವರನ್ನು ಲೈನ್‌ಮನ್ ಎಂದೇ ಕರೆಯುತ್ತಿದ್ದೆವು. ಹೆಸರು ಗೊತ್ತಿತ್ತು, ಬಳಸುವ ಪ್ರಮೇಯ ಬರಲಿಲ್ಲ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಮನೆ, ಅಂಗಡಿಗಳ ಒಳಗೆ ಇಂಟರ್‌ನೆಟ್ಟಿನ ತಂತಿ ಎಳೆದುಕೊಡುವ ಕೆಲಸ ಹಿಡಿದಿದ್ದರು. ಊರು ಕತ್ತಲಗೆರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಂದ ಕರೆದರೂ ಹಳೇ ಮೊಪೆಡ್ಡಿನ ಮುಂದೆ ತಂತಿಯ ಸುರುಳಿ ಇಟ್ಟುಕೊಂಡು ಹೋಗುತ್ತಿದ್ದರು. ಹೋಗುತ್ತಿದ್ದರು ಎಂಬುದು ನಿಜ, ಯಾವಾಗ ಎಂಬುದು ದೇವರಿಗೇ ಗೊತ್ತು. ಫೋನ್ ಮಾಡಿದರೆ "ನಲ್ಲೂರು ದಾಟಿದೀನ್ರಿ, ಬಂದೆ" ಅನ್ನುವರು. ನಲ್ಲೂರು ನಮ್ಮೂರಿಗೆ ಹತ್ತಿರದ್ದು. ಹೊನ್ನಾಳಿ ಸೇತುವೆಯ ಮೇಲಿದ್ದರೂ ನಲ್ಲೂರು ದಾಟಿರುತ್ತಿದ್ದರು. ಜಗಳೂರಿನಲ್ಲಿ ಏಣಿ ಹತ್ತಿ ನಿಂತಿದ್ದರೂ ನಲ್ಲೂರು ದಾಟಿರುತ್ತಿದ್ದರು. ನಮ್ಮ ಮನೆಗೆ ಮೊದಲ ಸಲ ಬಂದದ್ದು ನಲ್ಲೂರು ದಾಟಿದ ನಾಲ್ಕನೇ ದಿನ.

ನಾನು ಚನ್ನಗಿರಿಯಲ್ಲಿ ಅರ್ಜಿ ಬರೆಯುವವನು. ಮೊದಲು ತಾಲ್ಲೂಕು ಕಚೇರಿಯ ಎದುರಿಗೆ ಮರದ ಕೆಳಗೆ ಕೂತು ಕೈಯಲ್ಲಿ ಬರೆಯುತ್ತಿದ್ದೆ. ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಮನೆಯ ಮುಂದಿನ ಕೋಣೆಯನ್ನೇ ಕಚೇರಿ ಮಾಡಿಕೊಂಡೆ. ಪಹಣಿ, ಜಾತಿ ಪ್ರಮಾಣಪತ್ರ, ವಂಶವೃಕ್ಷ, ಜನನ, ಮರಣ, ಎಲ್ಲ ಆಗುವುದು ಅಲ್ಲೇ. ಇಂಟರ್‌ನೆಟ್ ಬಂದದ್ದು ಈ ಕೆಲಸಕ್ಕೆ, ಆದ್ದರಿಂದ ಅದರ ಡಬ್ಬಿ ನನ್ನ ಮೇಜಿನ ಮೇಲೇ ಕೂತಿತು. ಮನೆಯ ಉಳಿದ ಭಾಗಕ್ಕೂ ಬೇಕಾಗಬಹುದು ಎಂದು ನಾನು ಯೋಚಿಸಿರಲಿಲ್ಲ. ನಮ್ಮದು ಉದ್ದನೆಯ ಹಳೇ ಮನೆ. ಮುಂದಿನ ಕೋಣೆ ದಾಟಿದರೆ ನಡುಮನೆ, ಆಮೇಲೆ ದೇವರ ಮನೆ, ಅಡುಗೆ ಮನೆ, ಅದರಾಚೆ ಅಂಗಳ, ಅಂಗಳದ ಕೊನೆಗೆ ಒಂದು ಕೋಣೆ. ಗೋಡೆಗಳು ಮಣ್ಣಿನವು, ಒಂದೊಂದೂ ಮೊಳ ದಪ್ಪ. ವೈಫೈ ನಡುಮನೆಗೆ ಬರುವಷ್ಟರಲ್ಲೇ ಸುಸ್ತಾಗುತ್ತಿತ್ತು, ದೇವರ ಮನೆ ದಾಟುತ್ತಲೇ ಇರಲಿಲ್ಲ.

ಅಂಗಳದ ಕೊನೆಯ ಆ ಕೋಣೆ ನನ್ನ ಅಕ್ಕನದು. ಅಕ್ಕನಿಗೆ ಎರಡು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು. ದೂರದ ಊರಿನ ಕಿವುಡು ಮಕ್ಕಳ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಇದ್ದು, ವಾಪಸು ಬಂದು ಹೊಲಿಗೆ ಹಿಡಿದಳು. ಆ ಶಾಲೆಯಲ್ಲಿ ಅವಳು ಕೈಯಲ್ಲಿ ಮಾತಾಡಲು ಕಲಿತಿದ್ದಳು. ನಮಗೆ ಯಾರಿಗೂ ಅದು ಬರುವುದಿಲ್ಲ. ಮನೆಯಲ್ಲಿ ನಮ್ಮದೇ ಮೂವತ್ತೋ ನಲವತ್ತೋ ಸನ್ನೆಗಳಿವೆ: ಊಟ, ನೀರು, ಅವ್ವ ಸಿಟ್ಟಾಗಿದ್ದಾಳೆ, ಗಿರಾಕಿ ಬಂದಿದ್ದಾರೆ, ನಾಳೆ. ಒಂದು ಸಂಸಾರ ಇಷ್ಟರಲ್ಲೇ ನಡೆದುಹೋಗುತ್ತದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮಲ್ಲಿ ಮೂವತ್ತು ವರ್ಷ ನಡೆಯಿತು. ಅವಳ ಜೊತೆ ನಿಜವಾಗಿ ಮಾತಾಡುವವಳು ಒಬ್ಬಳೇ, ಅದೇ ಶಾಲೆಯಲ್ಲಿ ಜೊತೆಗೆ ಓದಿದ ಜಗಳೂರಿನ ಗೆಳತಿ. ಅವಳಿಗೂ ಕಿವಿ ಕೇಳಿಸುವುದಿಲ್ಲ. ಇಬ್ಬರ ಕೈಗೂ ಕ್ಯಾಮೆರಾದ ಫೋನು ಬಂದ ಮೇಲೆ ದಿನಾ ಮಧ್ಯಾಹ್ನ ಮೂರು ಗಂಟೆಗೆ ಮಾತು ಶುರುವಾಯಿತು.

ಅಕ್ಕನ ಕೋಣೆಯಲ್ಲಿ ವೈಫೈ ಸಿಗದ ಕಾರಣ ಅವಳು ಮಾತಾಡಲು ಮುಂದಿನ ಕೋಣೆಗೇ ಬರಬೇಕಿತ್ತು. ನನ್ನ ಮೇಜಿನ ಪಕ್ಕದ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಬೆಂಚಿನ ಮೇಲೆ ಅರ್ಜಿಯವರು ಸಾಲಾಗಿ ಕೂತು ಅವಳ ಕೈ ನೋಡುತ್ತಿದ್ದರು. ಹತ್ತು ನಿಮಿಷಕ್ಕೆ ಎದ್ದುಬಿಡುತ್ತಿದ್ದಳು. ಒಂದು ದಿನ ಫೋನಿನಲ್ಲಿ "ಹಿಂದೆ ವೈಫೈ ಬೇಕು" ಎಂದು ಬರೆದು ನನ್ನ ಮುಂದೆ ಹಿಡಿದಳು. ನಾನು ಮೇಜಿನ ಕಡೆ ಕೈ ತೋರಿಸಿದೆ, ಇಲ್ಲಿ ಇದೆಯಲ್ಲ ಅಂತ. ಅವಳು ಅದನ್ನೇ ಮತ್ತೆ ಬರೆದಳು. ಆರು ತಿಂಗಳು ಬರೆದಳು.

ಕೊನೆಗೆ ನಾನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಒಂದು ಸಣ್ಣ ಡಬ್ಬಿ ತರಿಸಿದೆ. ಬರುವ ವೈಫೈಯನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ ಎಂದು ಅದರ ಪೆಟ್ಟಿಗೆಯ ಮೇಲಿತ್ತು. ಅಡುಗೆ ಮನೆಯಲ್ಲಿ ಸಿಕ್ಕಿಸಿದೆ. ಅಕ್ಕನ ಫೋನಿನಲ್ಲಿ ಸಿಗ್ನಲ್ಲಿನ ಕಡ್ಡಿಗಳು ಪೂರ್ತಿ ಬಂದವು. ನಾನು ಗೆದ್ದವನಂತೆ ತಿರುಗಿ ಬಂದೆ. ಮಾರನೇ ದಿನ ಅವಳು ಬಂದು ಫೋನನ್ನು ನನ್ನ ತೊಡೆಯ ಮೇಲೆ ಇಟ್ಟಳು. ಜಗಳೂರಿನ ಗೆಳತಿಯ ಎರಡೂ ಕೈ ಗಾಳಿಯಲ್ಲಿ ನಿಂತುಬಿಟ್ಟಿದ್ದವು. ಸ್ವಲ್ಪ ಹೊತ್ತಿಗೆ ಆ ಕೈಗಳು ಬೇರೆಲ್ಲೋ ಇದ್ದವು, ನಡುವಿನದು ಇಲ್ಲ. ನಾನು ಕಡ್ಡಿಗಳನ್ನು ಬೆರಳಿಟ್ಟು ತೋರಿಸಿದೆ, ಪೂರ್ತಿ ಇದೆ ನೋಡು ಅಂತ. ಅವಳು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಯಾರೋ ಗಿರಾಕಿ ನನ್ನ ಮುಖ ನೋಡಿ, ಕತ್ತಲಗೆರೆಯ ಲೈನ್‌ಮನ್ ಒಬ್ಬರಿದ್ದಾರೆ, ಅವರನ್ನು ಕರೆಸಿ ಅಂದರು.

ಅವರು ಬಂದಾಗ ಸರಿಯಾಗಿ ಮೂರು ಗಂಟೆ. ಅಕ್ಕ ಮೂಲೆಯಲ್ಲಿ ಕೂತು ಗೆಳತಿಯೊಂದಿಗೆ ಮಾತಾಡುತ್ತಿದ್ದಳು. ಲೈನ್‌ಮನ್ ಚಪ್ಪಲಿ ಬಿಟ್ಟು ಒಳಗೆ ಬಂದವರು ಚೀಲ ಕೆಳಗಿಡುವುದನ್ನೂ ಮರೆತು ಅವಳನ್ನು ನೋಡಿದರು. ಬೇರೆಯವರು ನೋಡುವ ಹಾಗೆಯೇ ನೋಡುತ್ತಿದ್ದಾರೆ ಎಂದು ನನಗೆ ಇರುಸುಮುರುಸಾಯಿತು. ಆಮೇಲೆ ಅವರು ನನ್ನ ಹತ್ತಿರ ಬಗ್ಗಿ ಕೇಳಿದರು.

"ನಿಮ್ಮಕ್ಕಾರು ಯಾಕ್ರೀ ಇಲ್ಲಿ ಪಿಸುಗುಡ್ತಾರೆ?"

ಅವಳಿಗೆ ಮಾತು ಬರುವುದಿಲ್ಲ ಎಂದೆ.

"ಬಾಯಲ್ಲ ರೀ, ಕೈ ನೋಡ್ರಿ."

ನೋಡಿದೆ. ಅಕ್ಕನ ಕೈ ಮಡಿಲಿನಿಂದ ಮೇಲೆ ಏಳುತ್ತಿರಲಿಲ್ಲ. ಮೊಣಕೈ ಎರಡೂ ಪಕ್ಕೆಗೆ ಅಂಟಿಕೊಂಡಿದ್ದವು, ಬೆರಳುಗಳಷ್ಟೇ ಆಡುತ್ತಿದ್ದವು, ಅದೂ ಸೆರಗಿನ ಮರೆಯಲ್ಲಿ. ಫೋನನ್ನು ಮೊಣಕಾಲ ಮೇಲೆ ಓರೆಯಾಗಿ ಇಟ್ಟುಕೊಂಡು, ಆ ಸ್ವಲ್ಪ ಜಾಗದಲ್ಲಿ ಮಾತು ಮುಗಿಸುತ್ತಿದ್ದಳು. ಗೆಳತಿ ಮಾತ್ರ ಅತ್ತಕಡೆ ತೋಳು ಬೀಸಿ ಮಾತಾಡುತ್ತಿದ್ದಳು. ಅಕ್ಕನ ಕೈ ಯಾವಾಗಲೂ ಹಾಗೇ ಎಂದು ನಾನು ತಿಳಿದಿದ್ದೆ. ಚಿಕ್ಕವಳಿದ್ದಾಗ ಅಜ್ಜಿ ಜನರ ಮುಂದೆ ಕೈ ಆಡಿಸಬೇಡ ಎಂದು ಅವಳ ಕೈ ಮೇಲೆ ಹೊಡೆಯುತ್ತಿದ್ದುದು ಆಗ ನೆನಪಾಯಿತು. ಮನೆ ತುಂಬ ಜನ ಸೇರಿಸಿಕೊಂಡು ಅದರ ನಡುವೆ ಅವಳನ್ನು ಮಾತಾಡಲು ಕೂರಿಸಿದವನು ನಾನು.

ಅವರ ಕೆಲಸದ ಪದ್ಧತಿಯೇ ಹಾಗೆ ಎಂದು ಆಮೇಲೆ ತಿಳಿಯಿತು. ಬೇರೆಯವರು ಬಂದರೆ ಡಬ್ಬಿ ಎಲ್ಲಿದೆ ಎಂದು ಕೇಳುತ್ತಾರೆ. ಇವರು ಮನೆಯಲ್ಲಿ ಯಾರು ಎಲ್ಲಿ ಕೂತು ಮಾತಾಡುತ್ತಾರೆ ಎಂದು ಕೇಳುತ್ತಿದ್ದರು. ಕೇಳಿ ಸುಮ್ಮನಾಗದೆ ಆ ಜಾಗಕ್ಕೆ ಹೋಗಿ ಒಂದು ನಿಮಿಷ ಕೂತು ನೋಡುತ್ತಿದ್ದರು. ನನ್ನ ಸಣ್ಣ ಡಬ್ಬಿಯನ್ನು ಅಡುಗೆ ಮನೆಯಲ್ಲಿ ಕಂಡು ಪ್ಲಗ್ಗಿನಿಂದ ಕಿತ್ತು ನನ್ನ ಕೈಗೆ ಕೊಟ್ಟರು. "ಹೊಸಾ ನಲ್ಲಿ ಹಾಕಿದ್ರೆ ನೀರು ಬರ್ತೈತೇನ್ರಿ? ಹಿಂದಿನ ಪೈಪಿನಾಗೆ ನೀರಿರಬೇಕಲ್ಲ" ಅಂದರು. ಅಡುಗೆ ಮನೆಗೆ ಬರುವ ವೈಫೈಯೇ ಅರೆಜೀವ, ಅದನ್ನು ಹಿಡಿದು ಮುಂದೆ ದಾಟಿಸಿದರೆ ಸಿಗುವುದು ಅದರಲ್ಲೂ ಅರ್ಧ. ಕಡ್ಡಿ ತೋರಿಸುವುದು ಈ ಡಬ್ಬಿಗೂ ಫೋನಿಗೂ ಇರುವ ಹತ್ತಿರವನ್ನು ಮಾತ್ರ. ಮುಂದಿನ ಡಬ್ಬಿಯಿಂದ ಅಕ್ಕನ ಕೋಣೆಯವರೆಗೆ ತಂತಿ ಎಳೆದು, ಆ ತುದಿಗೆ ಇನ್ನೊಂದು ಡಬ್ಬಿ ಕೂರಿಸಬೇಕು, ಅಲ್ಲಿಂದ ಹೊಸದಾಗಿ ವೈಫೈ ಹೊರಡಬೇಕು ಎಂದರು.

ಹತ್ತಿರದ ದಾರಿ ದೇವರ ಮನೆಯ ಗೋಡೆ ಕೊರೆದು ಹೋಗುವುದು. ಅವ್ವ ಆಗ ಸಂಜೆಯ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ನಡುಮನೆಯಲ್ಲಿ ಕೂತಿದ್ದಳು. ಆ ಗೋಡೆಗೆ ತೂತು ಹಾಕಕೂಡದು ಎಂದಳು. ಸರಿ ಎಂದು ಲೈನ್‌ಮನ್ ಒಪ್ಪಿದರು. ಪಕ್ಕದ ಓಣಿಯ ಗೋಡೆ ಹಿಡಿದು ಸುತ್ತಿ ಬಂದರೆ ತಂತಿ ಎರಡರಷ್ಟಾಗುತ್ತದೆ, ಕೋತಿ ಕಾಟಕ್ಕೆ ಪೈಪಿನೊಳಗೆ ಹಾಕಬೇಕಾಗುತ್ತದೆ, ಆದರೆ ಆಗುತ್ತದೆ ಎಂದರು. ಅದಕ್ಕೂ ಅವ್ವ ಬೇಡವೆಂದಳು. ಓಣಿಯ ಗೋಡೆಯಲ್ಲಿ ದೇವರಿಲ್ಲವಲ್ಲ ಎಂದು ನಾನು ರೇಗಿದೆ. ಆಗ ಒಳಗಿದ್ದದ್ದು ಹೊರಗೆ ಬಂತು. ಹಿಂದೆ ಬಾಗಿಲು ಹಾಕಿಕೊಂಡು ಕೂತು ಯಾರ ಜೊತೆ ಏನು ಮಾತಾಡುತ್ತಾಳೋ, ಇಲ್ಲಾದರೆ ಕಣ್ಣ ಮುಂದೆ ಇರುತ್ತಾಳೆ ಎಂದಳು.

ನಾನು ಅವ್ವನ ಪರವೂ ಅಲ್ಲ, ವಿರೋಧವೂ ಅಲ್ಲ ಎಂಬಂತೆ ನಿಂತಿದ್ದೆ. ನಿಜ ಹೇಳಬೇಕೆಂದರೆ ಆ ಅನುಮಾನ ನನಗೂ ಇತ್ತು. ಲೈನ್‌ಮನ್ ಅವ್ವನ ಎದುರಿಗೆ ಕುಕ್ಕರುಗಾಲಲ್ಲಿ ಕೂತರು.

"ಅವ್ವಾರೆ, ಮುಂದೆ ಕೂತು ಮಾತಾಡಿದ್ರೂ ನಿಮಗೆ ತಿಳಿಯಾಂಗಿಲ್ಲಲ್ರೀ."

ಅವ್ವ ಅವರನ್ನೇ ನೋಡಿದಳು. ಅವರು ಧ್ವನಿ ಏರಿಸಿರಲಿಲ್ಲ, ನಗುತ್ತಲೂ ಇರಲಿಲ್ಲ. ಅವ್ವ ಎದ್ದು, ಓಣಿ ಕಡೆಯಿಂದಾದರೆ ಎಳೆದುಕೊಳ್ಳಿ ಎಂದು ಅಡುಗೆ ಮನೆಗೆ ಹೋದಳು.

ಆ ಕೆಲಸ ಎರಡು ದಿನ ಹಿಡಿಯಿತು. ನಾನು ಪೇಟೆಯಿಂದ ತಂದಿದ್ದ ತಂತಿಯನ್ನು ಆ ಉಗುರಿನಿಂದ ಒಮ್ಮೆ ಕೆರೆದು, ಮೇಲೆ ತಾಮ್ರದ ಬಣ್ಣ, ಒಳಗೆ ಅಲ್ಯೂಮಿನಿಯಂ ಎಂದು ತೋರಿಸಿ ಪಕ್ಕಕ್ಕಿಟ್ಟರು. ತಮ್ಮ ಸುರುಳಿಯನ್ನೇ ಬಿಚ್ಚಿದರು. ಗೋಡೆಗೆ ಹೊಡೆಯುವ ಕ್ಲಿಪ್ಪುಗಳ ನಡುವೆ ನಾಲ್ಕು ಬೆರಳು ಅಂತರ, ಐದಾಗುವಂತಿಲ್ಲ. ಬೇಗ ಎಂದರೆ ಸಿಟ್ಟು ಬರುತ್ತಿತ್ತು. ಚಹಾ ಕೊಟ್ಟರೆ ತಂತಿ ಆ ತುದಿ ಮುಟ್ಟಿದ ಮೇಲೆ ಅನ್ನುತ್ತಿದ್ದರು. ಅಕ್ಕನ ಕೋಣೆಯ ಗೋಡೆಯೊಳಗೆ ತಂತಿ ಹೋಗುವ ಮುಂಚೆ ಅದನ್ನು ಕೆಳಕ್ಕೆ ಒಂದು ಗೇಣು ಬಗ್ಗಿಸಿ, ಆಮೇಲೆ ಮೇಲಕ್ಕೆ ತಂದು ತೂತಿಗೆ ತೂರಿಸಿದರು. ಯಾಕೆ ಎಂದು ಕೇಳಿದ್ದಕ್ಕೆ, "ಮಳೆ ನೀರು ತಂತಿ ಹಿಡಕಂಡೇ ಬರ್ತೈತ್ರಿ. ಕೆಳಗಿಳಿಯಾಕೆ ನಾವು ದಾರಿ ತೋರಿಸ್ಲಿಲ್ಲಾಂದ್ರೆ ಮನೆಯೊಳಗೇ ಬರ್ತೈತೆ" ಎಂದರು. ಬುದ್ಧಿಮಾತಿನಂತೆ ಕೇಳಿಸಿತು. ಅವರಿಗೆ ಅದು ಬರೀ ನೀರಿನ ವಿಷಯ.

ಡಬ್ಬಿ ಎಲ್ಲಿ ಕೂರಿಸಬೇಕು ಎಂದು ನಾನು ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದು, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕನ ಎದುರು ಹೋಗಿ ನಿಂತರು. ಅವಳು ತಲೆ ಎತ್ತುವವರೆಗೆ ಕಾದರು. ಆಮೇಲೆ ಫೋನು ತೋರಿಸಿ, ಮಂಚ, ಮೇಜು, ಕಿಟಕಿ ಒಂದೊಂದನ್ನೂ ತೋರಿಸಿ ಹುಬ್ಬು ಹಾರಿಸಿದರು. ಅಕ್ಕ ಕಿಟಕಿ ತೋರಿಸಿದಳು. ಎದ್ದು ಹೋಗಿ ಕಿಟಕಿಗೆ ಮುಖ ಮಾಡಿ ಕೂತು, ಬೆಳಕು ತನ್ನ ಮುಖದ ಮೇಲೆ, ಕೈಗಳ ಮೇಲೆ ಬೀಳುವುದನ್ನು ತೋರಿಸಿದಳು. ಬೆಳಕು ಬೆನ್ನ ಹಿಂದಿದ್ದರೆ ಎದುರಿನವರಿಗೆ ಕೈ ಕಪ್ಪಾಗಿ ಕಾಣುತ್ತದೆ. ಕತ್ತಲಲ್ಲಿ ಅವಳ ಮಾತು ಯಾರಿಗೂ ತಲುಪುವುದಿಲ್ಲ ಎಂಬುದು ನನಗೂ ಅವತ್ತೇ ಹೊಳೆದದ್ದು. ಆಮೇಲೆ ಫೋನನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನಷ್ಟೇ ಆಡಿಸಿ ತಲೆ ಅಲ್ಲಾಡಿಸಿದಳು. ಲೈನ್‌ಮನ್ ಚೀಲದಿಂದ ಹಳೇ ಸ್ವಿಚ್‌ಬೋರ್ಡಿನ ಹಲಗೆ ತೆಗೆದು, ಕಿಟಕಿಯ ಚೌಕಟ್ಟಿಗೆ ಅವಳ ಮುಖದ ಎತ್ತರಕ್ಕೆ ಮೊಳೆ ಹೊಡೆದು, ಫೋನು ಜಾರದಂತೆ ಅಂಚಿಗೆ ಒಂದು ಪಟ್ಟಿ ಕೂರಿಸಿದರು. ಅಷ್ಟು ಹೊತ್ತೂ ನಾನು ಬಾಗಿಲಲ್ಲಿ ನಿಂತಿದ್ದೆ. ಆ ಕೋಣೆಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ತಂತಿಯ ಎರಡೂ ತುದಿಗೆ ಬಿಳಿ ಟೇಪು ಸುತ್ತಿ, ಅದು ಎಲ್ಲಿಗೆ ಹೋಗುತ್ತದೆ ಎಂದು ಬರೆಯುವುದು ಅವರ ಪದ್ಧತಿ. ನಾನಾಗಿದ್ದರೆ ಹಿಂದಿನ ಕೋಣೆ ಎಂದು ಬರೆಯುತ್ತಿದ್ದೆ. ಅವರು "ಅಕ್ಕ" ಎಂದು ಬರೆದರು.

ಕೆಲಸ ಮುಗಿದ ಮೇಲೆ ನನ್ನ ಹೆಂಡತಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟಳು. ತಿನ್ನುತ್ತಾ, ಪಿಸುಗುಡುವುದು ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಅವರು ಹೇಳಿದ್ದು ಲ್ಯಾಂಡ್‌ಲೈನ್ ಕಾಲದ ಕಥೆ. ಆಗ ಎಲ್ಲ ಮನೆಯಲ್ಲೂ ಫೋನು ಮುಂದಿನ ಕೋಣೆಯಲ್ಲಿ, ಯಜಮಾನರ ಕುರ್ಚಿಯ ಪಕ್ಕ, ಕಸೂತಿಯ ಬಟ್ಟೆ ಹೊದ್ದು ಕೂತಿರುತ್ತಿತ್ತು. ಹೊನ್ನಾಳಿ ಕಡೆಯ ಒಂದು ಮನೆಯಲ್ಲಿ ಇವರು ಫೋನು ಕೂರಿಸಿ ಪರೀಕ್ಷೆ ಮಾಡುತ್ತಿದ್ದಾಗ ಸೊಸೆಗೆ ತವರಿನಿಂದ ಕರೆ ಬಂತಂತೆ. ಮಾವ ಕುರ್ಚಿಯಲ್ಲಿದ್ದಾರೆ, ಆ ಹುಡುಗಿ ನಿಂತುಕೊಂಡು ಹೂಂ, ಚೆನ್ನಾಗಿದ್ದೇನೆ, ಹೂಂ ಎಂದಷ್ಟೇ ಹೇಳಿ ಇಟ್ಟಳು. ಇಟ್ಟ ಮೇಲೂ ರಿಸೀವರಿನಿಂದ ಕೈ ತೆಗೆಯದೆ ಹಾಗೇ ನಿಂತದ್ದನ್ನು ಇವರು ಕಂಡರು. "ಅಳಬೇಕು ಅಂದ್ರೂ ಒಂದು ಜಾಗ ಬೇಕಲ್ರೀ. ಅದಕ್ಕೆ ಅವತ್ತಿಂದ ನಾನು ಎಲ್ಲಾ ಮನೆಗೂ ಹದಿನೈದು ಅಡಿ ತಂತಿ ಹೆಚ್ಚಿಗೆ ಬಿಡಾಕೆ ಶುರು ಮಾಡಿದೆ" ಅಂದರು. ಹೆಚ್ಚಿನ ತಂತಿಯನ್ನು ಕಪಾಟಿನ ಹಿಂದೆ ಸುತ್ತಿಟ್ಟು, ಮನೆಯ ಹೆಂಗಸರಿಗೆ ಮಾತ್ರ ತೋರಿಸಿ ಬರುತ್ತಿದ್ದರಂತೆ. ಬೇಕೆನಿಸಿದಾಗ ಫೋನನ್ನೇ ಎತ್ತಿಕೊಂಡು ಅಡುಗೆ ಮನೆಗೆ ಹೋಗಬಹುದಿತ್ತು. ತಂತಿ ಯಾಕೆ ಇಷ್ಟು ಖರ್ಚಾಗುತ್ತದೆ ಎಂದು ಮೇಲಿನವರು ಕೇಳಿದರೆ, ನಮ್ಮ ಕಡೆ ಮನೆಗಳು ಉದ್ದ ಸಾರ್ ಎಂದು ಹೇಳುತ್ತಿದ್ದರು.

ಮಾರನೇ ದಿನ ಮೂರು ಗಂಟೆಗೆ ನನಗೆ ಕುತೂಹಲ ತಡೆಯಲಾಗಲಿಲ್ಲ. ಅಂಗಳ ದಾಟಿ ಬಾಗಿಲ ಸಂದಿಯಿಂದ ನೋಡಿದೆ. ಅಕ್ಕನ ಕೈಗಳು ತಲೆಯ ಮೇಲಕ್ಕೆ ಹೋಗುತ್ತಿದ್ದವು. ಯಾರನ್ನೋ ಅಣಕಿಸುತ್ತಿದ್ದಳು; ಹೊಟ್ಟೆ ಮುಂದೆ ಮಾಡಿ, ಕನ್ನಡಕ ಏರಿಸಿ, ಕೀಲಿಮಣೆ ಕುಟ್ಟುತ್ತಿದ್ದಳು. ಅದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಬ್ಬರೂ ನಗುತ್ತಿದ್ದರು. ನನ್ನ ಅಕ್ಕ ಇಷ್ಟು ತಮಾಷೆಯವಳು ಎಂದು ನನಗೆ ಗೊತ್ತಿರಲಿಲ್ಲ. ಸಂತೋಷವಾಯಿತು ಎನ್ನುವುದಕ್ಕಿಂತ ಹೊಟ್ಟೆಕಿಚ್ಚಾಯಿತು ಎಂದರೆ ಹೆಚ್ಚು ಸರಿ. ಅವಳು ನೋಡುವ ಮೊದಲೇ ಹಿಂದಿರುಗಿದೆ.

ಅವರ ಮೇಲೆ ನನಗೆ ಗೌರವವಿತ್ತು, ಆದರೂ ಅವರ ಕೆಲಸ ಕಷ್ಟದ್ದೇನಲ್ಲ ಎಂಬ ಅಹಂಕಾರವೂ ಇತ್ತು. ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಅಕ್ಕನ ಕೋಣೆಯ ಡಬ್ಬಿ ಸತ್ತುಹೋಯಿತು. ಗುಡುಗಿದರೆ ಪ್ಲಗ್ ಕೀಳಿ ಎಂದು ಅವರು ಹೇಳಿದ್ದರು, ನಾನು ಕಿತ್ತಿರಲಿಲ್ಲ. ತಪ್ಪು ನನ್ನದೇ ಆದ್ದರಿಂದ ಅವರಿಗೆ ತಿಳಿಸದೆ ನಾನೇ ಸರಿಮಾಡಲು ಹೊರಟೆ. ಅಟ್ಟದ ಮೇಲೆ ಹಳೇ ಡಬ್ಬಿಯೊಂದಿತ್ತು, ಮುಂದಿನ ಕೋಣೆಯ ಡಬ್ಬಿಯಂಥದ್ದೇ. ತಂದು ತಂತಿಗೆ ಸಿಕ್ಕಿಸಿದೆ. ಅರ್ಧ ಗಂಟೆಯೊಳಗೆ ಮನೆಯಲ್ಲಿ ಯಾವುದೂ ನಡೆಯದಾಯಿತು. ಒಂದು ಫೋನಿಗೆ ಬಂದರೆ ಇನ್ನೊಂದಕ್ಕಿಲ್ಲ. ನನ್ನ ಕಂಪ್ಯೂಟರಿನಲ್ಲಿ ಯಾರದೋ ವಂಶವೃಕ್ಷ ಅರ್ಧಕ್ಕೆ ನಿಂತಿತು, ಬೆಂಚು ತುಂಬ ಜನ. ಮೂರು ದಿನ ಒದ್ದಾಡಿ, ಮರ್ಯಾದೆ ಬಿಟ್ಟು ಫೋನ್ ಮಾಡಿದೆ. ಅವರು ನ್ಯಾಮತಿಯಲ್ಲಿದ್ದರು, ಅಂದರೆ ನಲ್ಲೂರು ದಾಟಿದ್ದರು.

ಅವರು ಮೊದಲು ಕೇಳಿದ್ದು ಅಕ್ಕಾರದು ನಡೆಯುತ್ತಿದೆಯೇ ಎಂದು. ಇಲ್ಲ ಎಂದೆ. ಎಷ್ಟು ದಿನವಾಯಿತು ಎಂದರು. ಹೇಳಿದೆ. ಆಮೇಲೆ ನಾನು ಮಾಡಿದ್ದನ್ನೆಲ್ಲ ಕೇಳಿಕೊಂಡು ನಗಲು ಶುರುಮಾಡಿದರು. "ಪಂಕ್ತೀಲಿ ಜನಾನ ಕೂರ್ಸೋರು ಒಬ್ರೇ ಇರಬೇಕು ರೀ. ಇಬ್ರು ಕೂರ್ಸಾಕೆ ನಿಂತ್ರೆ ಒಂದೇ ಎಲೆಗೆ ಇಬ್ರು ಬಂದು ಕೂರ್ತಾರೆ. ಹಿಂದಿನ ಡಬ್ಬಿಗೆ ಬರೀ ಬಡಿಸಾಕೆ ಹೇಳ್ರಿ." ಮನೆಯ ಒಂದೊಂದು ಫೋನಿಗೂ ಒಂದೊಂದು ಸಂಖ್ಯೆ ಹಂಚುವ ಕೆಲಸ ಮುಂದಿನ ಡಬ್ಬಿಯದು. ನನ್ನ ಹಳೇ ಡಬ್ಬಿಯೂ ತಾನೇ ಯಜಮಾನ ಎಂದುಕೊಂಡು ಅದೇ ಸಂಖ್ಯೆಗಳನ್ನು ಹಂಚತೊಡಗಿತ್ತು. ಆ ಹಂಚಿಕೆಯನ್ನು ಎಲ್ಲಿ ನಿಲ್ಲಿಸಬೇಕು, ತಂತಿಯನ್ನು ಯಾವ ತೂತಿಗೆ ಬದಲಾಯಿಸಬೇಕು ಎಂದು ಫೋನಿನಲ್ಲೇ ಹೇಳಿಕೊಟ್ಟರು. ಹತ್ತು ನಿಮಿಷದ ಕೆಲಸ. ಆ ಮೂರು ದಿನ ಅಕ್ಕ ಒಂದು ಸಲವೂ ಮುಂದಿನ ಕೋಣೆಗೆ ಬಂದು ಕೇಳಿರಲಿಲ್ಲ ಎಂಬುದು ನನಗೆ ಆಮೇಲೆ ಗಮನಕ್ಕೆ ಬಂತು. ಜಗಳೂರಿನ ಗೆಳತಿಯೇ ಗಾಬರಿಯಾಗಿ, ಅವಳು ಹುಷಾರಿದ್ದಾಳಾ ಎಂದು ನನ್ನ ಫೋನಿಗೆ ಬರೆದಿದ್ದಳು.

ಆಮೇಲೆ ಅವರು ವರ್ಷಕ್ಕೆ ಒಂದೆರಡು ಸಲ ಕರೆಯದೆಯೇ ಬರುತ್ತಿದ್ದರು. ಓಣಿಯ ಪೈಪನ್ನು ಕೋತಿ ಕಿತ್ತಿದೆಯೋ ನೋಡಿ ನೇರ ಹಿಂದಕ್ಕೆ ಹೋಗುತ್ತಿದ್ದರು. ಅಲ್ಲಿ ಅಕ್ಕನೂ ಇವರೂ ಕೈಯಲ್ಲಿ ಏನೇನೋ ಮಾತಾಡುತ್ತಿದ್ದರು. ಅವರಿಗೂ ಆ ಭಾಷೆ ಬರುತ್ತಿರಲಿಲ್ಲ. ತಪ್ಪು ಮಾಡುತ್ತಿದ್ದರು, ಅವಳು ನಗುತ್ತಿದ್ದಳು, ಮತ್ತೆ ಮಾಡುತ್ತಿದ್ದರು. ಒಂದು ವರ್ಷ ಅಕ್ಕ ಅವರ ಹತಾರಗಳನ್ನೆಲ್ಲ ನೆಲದ ಮೇಲೆ ಹರಡಿಸಿ, ಒಂದೊಂದಕ್ಕೂ ಅಳತೆ ತೆಗೆದು, ದಪ್ಪ ಕ್ಯಾನ್ವಾಸಿನಲ್ಲಿ ಖಾನೆಖಾನೆಯ ಒಂದು ಚೀಲ ಹೊಲಿದುಕೊಟ್ಟಳು. ಅದಕ್ಕೆ ಮುಂಚೆ ಅವರು ಅಕ್ಕಿಯ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿದುಕೊಂಡು ಬರುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಕಂಬದಿಂದ ಬಿದ್ದಲ್ಲ, ಸಿಡಿಲಿಗಲ್ಲ. ಕಾಮಾಲೆ ಆಗಿ, ನಾಟಿ ಔಷಧಿ ಎಂದು ಹದಿನೈದು ದಿನ ತಳ್ಳಿ, ಆಸ್ಪತ್ರೆಗೆ ಹೋಗುವಾಗ ತಡವಾಗಿತ್ತು. ಬೆಳಿಗ್ಗೆ ತ್ಯಾವಣಿಗೆಯ ಗಿರಾಕಿಯೊಬ್ಬರು ಸುದ್ದಿ ತಂದರು. ನಾನು ಅವರ ಬೈಕಿನ ಹಿಂದೆ ಕೂತು ಕತ್ತಲಗೆರೆಗೆ ಹೋಗಿ ಮಣ್ಣು ಮುಗಿಸಿದೆ. ಮುಗಿದ ಮೇಲೆ ಅವರ ಮನೆಯ ಹಜಾರದಲ್ಲಿ ಸ್ವಲ್ಪ ಹೊತ್ತು ಕೂತಿದ್ದಾಗ ಗೋಡೆಯ ಮೊಳೆಗೆ ತೂಗುಹಾಕಿದ್ದ ಕ್ಯಾನ್ವಾಸಿನ ಚೀಲ ಕಂಡಿತು. ಖಾನೆಗಳಲ್ಲಿ ಹತಾರಗಳು ಹಾಗೇ ಇದ್ದವು. ಅಕ್ಕನಿಗೆ ಹೇಳಬೇಕಲ್ಲ ಎಂಬುದು ನನಗೆ ಹೊಳೆದದ್ದು ಆಗ.

ಚನ್ನಗಿರಿಗೆ ವಾಪಸು ಬರುವವರೆಗೂ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ನಮ್ಮ ಮನೆಯ ಮೂವತ್ತು ನಲವತ್ತು ಸನ್ನೆಗಳಲ್ಲಿ ಸಾವಿಗೆ ಒಂದಿಲ್ಲ. ಅಪ್ಪ ಹೋದಾಗ ಅವಳು ಎದುರಿಗೇ ಇದ್ದಳು, ಹೇಳುವ ಅಗತ್ಯ ಬಿದ್ದಿರಲಿಲ್ಲ. ಬರೆದು ತೋರಿಸೋಣ ಎಂದು ಮೇಜಿನ ಮುಂದೆ ಕೂತು ಒಂದು ಹಾಳೆ ತೆಗೆದುಕೊಂಡೆ. ದಿನಕ್ಕೆ ಒಂದಾದರೂ ಮರಣದ ಅರ್ಜಿ ಬರೆಯುವ ಕೈ ನನ್ನದು. ಮೃತರಾಗಿರುತ್ತಾರೆ ಎಂದು ತಾನಾಗಿ ಬರೆಯಿತು. ಅದನ್ನು ಒಡಹುಟ್ಟಿದವಳ ಮುಂದೆ ಹಿಡಿಯುವುದು ಹೇಗೆ? ಹರಿದು ಹಾಕಿದೆ. ಎರಡನೆಯದನ್ನೂ ಹರಿದೆ. ಆಗ ನಾನು ಹೇಡಿಗಳು ಮಾಡುವ ಕೆಲಸ ಮಾಡಿದೆ. ಜಗಳೂರಿನ ಗೆಳತಿಯ ನಂಬರು ನನ್ನಲ್ಲಿತ್ತು. ಲೈನ್‌ಮನ್ ಹೋಗಿಬಿಟ್ಟರು, ಇವತ್ತು ಮಣ್ಣು ಮಾಡಿ ಬಂದೆ, ಅಕ್ಕನಿಗೆ ನೀವೇ ಹೇಳಿ ಎಂದು ಅವಳಿಗೆ ಬರೆದು ಕಳಿಸಿದೆ.

ಮೂರು ಗಂಟೆಗೆ ಹೋಗಿ ಅಕ್ಕನ ಪಕ್ಕ ಮಂಚದ ಮೇಲೆ ಕೂತೆ. ಅವಳು ಆಶ್ಚರ್ಯದಿಂದ ನೋಡಿದಳು, ನಾನು ಆ ಹೊತ್ತಿಗೆ ಅಲ್ಲಿಗೆ ಹೋಗುವವನಲ್ಲ. ಕಿಟಕಿಯ ಹಲಗೆಯ ಮೇಲೆ ಫೋನು ಬೆಳಗಿತು. ಗೆಳತಿ ತಕ್ಷಣ ಹೇಳಲಿಲ್ಲ. ಮೊದಲು ಏನೋ ನಿಧಾನವಾಗಿ ಕೇಳಿದಳು, ಅಕ್ಕ ಉತ್ತರ ಕೊಟ್ಟಳು. ಆಮೇಲೆ ಗೆಳತಿಯ ಕೈಗಳು ಒಂದು ಸಲ ಮೇಲೆ ಬಂದು, ತಿರುಗಿ, ಕೆಳಗಿಳಿದವು. ಚಿತ್ರ ಎಲ್ಲೂ ನಿಲ್ಲಲಿಲ್ಲ. ನನ್ನ ಅಕ್ಕನಿಗೆ ಮೊಳ ದೂರದಲ್ಲಿ ಕೂತಿದ್ದ ನಾನು ಹೇಳಲಾಗದ್ದನ್ನು ಜಗಳೂರಿನಲ್ಲಿದ್ದವಳು ಹೇಳಿದ್ದನ್ನು ನಾನು ಪಕ್ಕದಿಂದ ನೋಡಿದೆ. ಅಕ್ಕನ ಕೈಗಳು ಮಡಿಲಿಗೆ ಬಿದ್ದವು.

ಅವಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ ಏನೋ ಹೇಳಿದಳು. ಮನೆಯ ಸನ್ನೆ ಅಲ್ಲ, ಅವಳ ನಿಜವಾದ ಭಾಷೆ; ಕೈಗಳು ದೊಡ್ಡದಾಗಿ, ಜೋರಾಗಿ ಬೀಸಿದವು. ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದಳು. ನನ್ನ ಫೋನು ಜೇಬಿನಲ್ಲಿ ಅದುರಿತು. ಗೆಳತಿ ಬರೆದಿದ್ದಳು: "ನೀನು ಮಣ್ಣಿಗೆ ಹೋಗಿದ್ದೆಯಾ ಅಂತ ಕೇಳುತ್ತಿದ್ದಾಳೆ." ನಾನು ಅಕ್ಕನ ಮುಖ ನೋಡಿ ತಲೆಯಾಡಿಸಿದೆ. ಅಕ್ಕ ಇನ್ನೊಂದು ಪ್ರಶ್ನೆ ಕೇಳಿದಳು. ಫೋನು ಮತ್ತೆ ಅದುರಿತು.

"ನನ್ನನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ ಅಂತ."

ಉತ್ತರ ಗೊತ್ತಿತ್ತು. ಬೇಡವೆಂದು ಬಿಟ್ಟು ಹೋದದ್ದಲ್ಲ, ಕಷ್ಟವಾಗುತ್ತದೆ ಎಂದೂ ಅಲ್ಲ. ಕರೆದುಕೊಂಡು ಹೋಗಬೇಕು ಎಂಬುದೇ ನನ್ನ ತಲೆಗೆ ಹೊಳೆಯಲಿಲ್ಲ. ಅವರಿಗಾದರೆ ಹೊಳೆಯುತ್ತಿತ್ತು. ಒಂದು ಮನೆಗೆ ಕಾಲಿಟ್ಟ ಗಳಿಗೆಯಲ್ಲೇ ಅಲ್ಲಿ ಯಾರಿಗೆ ಮಾತಿಗೆ ಜಾಗವಿಲ್ಲ ಎಂದು ಅವರ ಕಣ್ಣು ಹುಡುಕುತ್ತಿತ್ತು. ನಾನು ನಲವತ್ತು ವರ್ಷ ಅದೇ ಮನೆಯಲ್ಲಿ ಇದ್ದೆ.

ಒಂಬತ್ತನೇ ದಿನ ಅಕ್ಕನನ್ನು ಕತ್ತಲಗೆರೆಗೆ ಕರೆದುಕೊಂಡು ಹೋದೆ. ಅವಳು ಅವರ ಹೆಂಡತಿಯ ಪಕ್ಕ ಕೂತು ಬಂದಳು. ಅಷ್ಟರಿಂದ ಪ್ರಶ್ನೆ ತೀರಲಿಲ್ಲ, ಅವಳೂ ಬಿಡಲಿಲ್ಲ. ನನ್ನ ಮುಖ ನೋಡಿದಾಗಲೆಲ್ಲ ಅದು ಅವಳ ಕಣ್ಣಿನಲ್ಲಿ ಇರುತ್ತಿತ್ತು. ಈಗ ವಾರಕ್ಕೆ ಮೂರು ದಿನ, ಮಧ್ಯಾಹ್ನ ಬೆಂಚಿನವರನ್ನು ಕಾಯಲು ಹೇಳಿ, ನಾನು ಹಿಂದಿನ ಕೋಣೆಗೆ ಹೋಗುತ್ತೇನೆ. ಜಗಳೂರಿನ ಗೆಳತಿ ಕಲಿಸುತ್ತಾಳೆ. ನನ್ನ ಬೆರಳುಗಳು ಅರ್ಜಿ ಕುಟ್ಟಿ ಕುಟ್ಟಿ ಬಿರುಸಾಗಿವೆ, ಬೇಗ ಬಗ್ಗುವುದಿಲ್ಲ. ಹೋದ ತಿಂಗಳು, ನನಗೆ ಹೊಳೆಯಲಿಲ್ಲ, ತಪ್ಪಾಯಿತು ಎನ್ನುವುದನ್ನು ಹೇಗೆ ಹೇಳುವುದು ಎಂದು ಗೆಳತಿಯನ್ನು ಕೇಳಿ ಕಲಿತೆ. ನಾಲ್ಕು ದಿನ ಮುಂದಿನ ಕೋಣೆಯಲ್ಲಿ ಒಬ್ಬನೇ ಅಭ್ಯಾಸ ಮಾಡಿದೆ. ಐದನೇ ದಿನ ಹೊಲಿಗೆ ಯಂತ್ರದ ಎದುರು ನಿಂತು, ಅಕ್ಕ ತಲೆ ಎತ್ತಿದ ಮೇಲೆ ಹೇಳಿದೆ. ಅವಳು ನನ್ನ ಕೈಗಳನ್ನೇ ನೋಡಿದಳು. ಎದ್ದು ಬಂದು, ತಪ್ಪಾಗಿ ಮಡಚಿದ್ದ ನನ್ನ ಎರಡು ಬೆರಳುಗಳನ್ನು ಹಿಡಿದು ಬಿಡಿಸಿ ಸರಿ ಮಾಡಿ, ಇನ್ನೊಮ್ಮೆ ಹೇಳು ಎಂದು ಸನ್ನೆ ಮಾಡಿದಳು. ನಾನು ಇನ್ನೊಮ್ಮೆ ಹೇಳಿದೆ.